ಪರದೇಶದ ಮನೆಗೆ ಮಗಳನ್ನು ಕಳುಹಿಸುವ ಮುನ್ನ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿ ಎಂಬ ಊರಿದೆ. ಮಹಾರಾಷ್ಟ್ರಕ್ಕೆ ಸೇರಿದ ಈ ಭಾಗದ ಅನೇಕ ಕುಟುಂಬಗಳದ್ದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂಬ ಬಾಳು. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1967ರ ಮಹಾಜನ ವರದಿಯು ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಬಡಗಿನ ನಮ್ಮ ಊರುಗಳನ್ನೂ ಕನ್ನಡ ನಾಡಿಗೆ ಸೇರಿಸಬೇಕೆಂದು ಹೇಳಿತ್ತು. ಎರಡೂ ಕಡೆ ಅದು ಕಾಗದದಲ್ಲೇ ಉಳಿಯಿತು. ಆ ಲೆಕ್ಕದಲ್ಲಿ ಅವರು ನಮಗೆ ನೆಂಟರೇ.

ರೋಟರಿ, ಎ.ಎಫ್.ಎಸ್. ಮೊದಲಾದ ಸಂಸ್ಥೆಗಳ ಮೂಲಕ ಹೈಸ್ಕೂಲು ವಯಸ್ಸಿನ ಮಕ್ಕಳು ಪರದೇಶದ ಕುಟುಂಬವೊಂದರಲ್ಲಿದ್ದು ಅಲ್ಲಿನ ಶಾಲೆಯಲ್ಲಿ ಕಲಿಯುವ ಪದ್ಧತಿಯೊಂದಿದೆ. ಕುಂಭಾರಿಯಂಥ ಊರಿನ ಒಬ್ಬ ಹುಡುಗಿ ಸೊಲ್ಲಾಪುರದ ಚಾದರವನ್ನು ಉಡುಗೊರೆಯಾಗಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೀಗೆ ಜರ್ಮನಿಗೆ ಹೊರಟಳೆಂದು ಭಾವಿಸೋಣ. ಅಲ್ಲಿ ಅವಳಿಗೆ ಎದುರಾಗುವುದೇನು?

ಮೊದಲ ಪಾಠ ಊಟದ ಮೇಜಿನಲ್ಲೇ ಆಗುತ್ತದೆ. ನಮ್ಮಲ್ಲಿ ಬಡಿಸಲು ಬಂದವರಿಗೆ ಎರಡು ಸಲ 'ಬೇಡ' ಎನ್ನುವುದು ಮರ್ಯಾದೆ, ಮೂರನೆಯ ಸಲ ಬಲವಂತ ಮಾಡುವುದು ಮನೆಯವರ ಮರ್ಯಾದೆ. ಜರ್ಮನರಲ್ಲಿ ಬೇಡ ಎಂದರೆ ಬೇಡ. ಪಾತ್ರೆ ಮುಂದಕ್ಕೆ ಹೋಗಿಬಿಡುತ್ತದೆ. ಸಂಕೋಚ ಪಟ್ಟ ಮಗು ಹಸಿದು ಮಲಗಬೇಕಾದೀತು. ಇದು ಅನಾದರವಲ್ಲ, ಅತಿಥಿಯ ಮಾತನ್ನು ನಂಬುವ ರೀತಿ. ರಾತ್ರಿಯೂಟವೆಂದರೆ ಅನೇಕ ಮನೆಗಳಲ್ಲಿ ಬ್ರೆಡ್ಡು, ಬೆಣ್ಣೆ, ಚೀಸು ಮಾತ್ರ. ಒಲೆ ಹಚ್ಚುವುದೇ ಇಲ್ಲ. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಒಗ್ಗಿದ ನಾಲಗೆಗೆ ಇದು ಕಷ್ಟವೇ. ಮಾಂಸ ತಿನ್ನದವರು ಆ ಮಾತನ್ನು ಹೊರಡುವ ಮೊದಲೇ ಬರೆದು ತಿಳಿಸುವುದು ಲೇಸು.

ಎರಡನೆಯದು ಸಮಯ. ನಾಲ್ಕು ಗಂಟೆಗೆ ಎಂದರೆ ನಾಲ್ಕಕ್ಕೇ. ರಾತ್ರಿ ಹತ್ತರ ಮೇಲೆ ನೆರೆಯವರಿಗೆ ಕೇಳುವಂತೆ ಗದ್ದಲ ಮಾಡಬಾರದು. ಭಾನುವಾರ ಬಹುತೇಕ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಕಾಗದ, ಅಡುಗೆಯ ಕಸ, ಪೊಟ್ಟಣಗಳ ಕಸ ಎಂದು ಬೇರೆ ಬೇರೆ ತೊಟ್ಟಿಗಳಿವೆ. ನೀರಿನ ಬಾಟಲಿಯನ್ನು ಅಂಗಡಿಗೆ ಹಿಂತಿರುಗಿಸಿದರೆ ಮೊದಲೇ ಕೊಟ್ಟ ಠೇವಣಿ ವಾಪಸು. ಚಳಿಗಾಲದಲ್ಲೂ ದಿನಕ್ಕೊಮ್ಮೆ ಕಿಟಕಿ ತೆರೆದು ಗಾಳಿಯಾಡಿಸುತ್ತಾರೆ. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮೊದಲೇ ಹೇಳಿದರೆ ಅಪಶಕುನವಂತೆ! ಶಕುನ ನೋಡುವವರು ನಾವು ಮಾತ್ರವಲ್ಲ ಎಂದು ಸಮಾಧಾನ ಪಡಬಹುದು.

ಮೂರನೆಯದು ಮಾತು. ಜರ್ಮನ್ ಭಾಷೆಯಲ್ಲಿ ನಮ್ಮ 'ನೀನು', 'ನೀವು' ಇದ್ದಂತೆ 'ದು', 'ಜೀ' ಎಂಬ ಎರಡು ರೂಪಗಳಿವೆ. ಇಂಗ್ಲಿಷಿನಲ್ಲಿಲ್ಲದ ಈ ಭೇದ ಕನ್ನಡದ ಮಗುವಿಗೆ ಸುಲಭವಾಗಿ ಹಿಡಿಸುತ್ತದೆ. ಆದರೆ ಮನೆಯ ಯಜಮಾನಿಯೇ ತನ್ನನ್ನು ಹೆಸರು ಹಿಡಿದು 'ದು' ಎಂದು ಕರೆಯಲು ಹೇಳಿದಾಗ, ಮಾವಶಿ, ಕಾಕಾ ಎಂದು ಕರೆದು ಬೆಳೆದವಳಿಗೆ ನಾಲಗೆ ಹೊರಳುವುದಿಲ್ಲ. ಅಲ್ಲಿ ಗೌರವವಿರುವುದು ಕರೆಯುವುದರಲ್ಲಲ್ಲ, ಹೇಳಿದ ಹೊತ್ತಿಗೆ ಬರುವುದರಲ್ಲಿ, ಉಂಡ ತಟ್ಟೆ ಎತ್ತಿಡುವುದರಲ್ಲಿ.

ಈ ಕೊಡುಕೊಳೆ ನಮಗೆ ಹೊಸತಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಕ್ರೈಸ್ತನಾಗಿ, ಹರ್ಮನ್ ಮೋಗ್ಲಿಂಗರ ಜೊತೆ ಯುರೋಪಿಗೆ ಹೋಗಿ 1851ರ ತನಕ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜರ್ಮನರೊಡನೆ ಕಲಿತು ಬಂದರು. ಅತ್ತಣಿಂದ ಬಂದವರೂ ಇಲ್ಲಿಯ ಮಾತು ಕಲಿತರು. ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಪರರ ನಾಡಿನಲ್ಲಿ ಇದ್ದವರು ಪರರ ಮಾತನ್ನು ಬರೆದಿಟ್ಟ ಕತೆ ಇದು.

ಇಲ್ಲಿಗೇ ನಮ್ಮ ಮಾತು ಬಂದು ನಿಲ್ಲುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ಮಗು ಮೂರನೆಯದಕ್ಕೆ ಹೆದರುವುದಿಲ್ಲ. ಮನೆಗೊಂದು, ಬೀದಿಗೊಂದು ಮಾತಾಡುವುದು ಅದಕ್ಕೆ ಹಸುಳೆತನದಿಂದಲೇ ಗೊತ್ತು. ಆದರೆ ಒಂದು ಸಂಜೆ ಆ ಮನೆಯವರು, "ನಿನ್ನ ಹೆಸರನ್ನು ನಿನ್ನ ಲಿಪಿಯಲ್ಲಿ ಬರೆದು ತೋರಿಸು" ಎಂದಾಗ? ಆ ಸೀಮೆಯಲ್ಲಿ ಕನ್ನಡ ಶಾಲೆಗಳು ಇವೆ. ಆದರೂ ಮರಾಠಿಗೋ ಇಂಗ್ಲಿಷಿಗೋ ಸೇರಿದ ಮಗುವಿಗೆ ಮನೆಮಾತು ಬಾಯಲ್ಲಿದೆ, ಕೈಯಲ್ಲಿಲ್ಲ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ನಮ್ಮ ಮಕ್ಕಳ ಪಾಡೂ ಇದೇ.

ಜರ್ಮನಿಯಲ್ಲೂ ಭಾಷಾ ಅಲ್ಪಸಂಖ್ಯಾತರಿದ್ದಾರೆ. ಉತ್ತರದ ಫ್ಲೆನ್ಸ್‌ಬರ್ಗಿನ ಸುತ್ತ ಡ್ಯಾನಿಶ್ ಮಾತಿನವರು ತಮ್ಮವೇ ಶಾಲೆಗಳನ್ನು ನಡೆಸುತ್ತಾರೆ. 1869ರಷ್ಟು ಹಿಂದೆಯೇ 'ಫ್ಲೆನ್ಸ್‌ಬೋರ್ಗ್ ಅವೀಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. 1955ರಲ್ಲಿ ಜರ್ಮನಿ ಮತ್ತು ಡೆನ್ಮಾರ್ಕ್ ಸರಕಾರಗಳೆರಡೂ ಗಡಿಯ ಅಲ್ಪಸಂಖ್ಯಾತರ ಹಕ್ಕನ್ನು ಘೋಷಿಸಿದವು. ಆದರೆ ಘೋಷಣೆಯಿಂದಷ್ಟೇ ಭಾಷೆ ಉಳಿಯುವುದಿಲ್ಲ, ಮನೆಯಲ್ಲಿ ಓದುವವರೂ ಬರೆಯುವವರೂ ಇರಬೇಕು.

ಆದುದರಿಂದ ತಾಯಂದಿರಲ್ಲಿ ಒಂದು ವಿನಂತಿ. ಮಗಳ ಪೆಟ್ಟಿಗೆಯಲ್ಲಿ ಸ್ವೆಟರು, ಚಟ್ನಿಪುಡಿ ಇಡುವ ಮೊದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜಿಗೆ ಒಂದು ಕಾಗದ ಬರೆಯಿಸಿ, ಕನ್ನಡದಲ್ಲಿ. ತಪ್ಪುಗಳಿದ್ದರೂ ಇರಲಿ. ಅಷ್ಟು ಬರೆಯಬಲ್ಲ ಮಗು ಯಾವ ದೇಶದ ಮನೆಯಲ್ಲಿದ್ದರೂ ನಮ್ಮ ಮನೆಯ ಮಗುವಾಗಿಯೇ ಉಳಿದೀತು.