ಜಿರಾಫೆ ನೋಡಿದತ್ತ ನೋಡಿ

ಕೆನ್ಯಾದ ಮಸಾಯಿ ಮಾರಾದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದರೂ ಸುಮಾರು 1,500 ಮೀಟರ್ ಎತ್ತರದ ಪ್ರದೇಶ. ಮುಂಜಾನೆಯ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಚಾವಣಿ ಎತ್ತಿದ ಜೀಪಿನಲ್ಲಿ ನಿಂತು ನಾವೆಲ್ಲ ಹುಲ್ಲಿನಲ್ಲಿ ಸಿಂಹ ಹುಡುಕುತ್ತಿದ್ದೆವು. ನಮ್ಮ ಚಾಲಕ ಮಾತ್ರ ಮೂರು ಜಿರಾಫೆಗಳನ್ನೇ ದಿಟ್ಟಿಸುತ್ತಿದ್ದ. ಅವು ಮೇಯುವುದನ್ನು ಬಿಟ್ಟು, ಕತ್ತು ನೆಟ್ಟಗೆ ಮಾಡಿ, ಒಂದೇ ದಿಕ್ಕಿಗೆ ನೋಡುತ್ತಿದ್ದವು. ಆತ ಜೀಪನ್ನು ಆ ಕಡೆಗೆ ತಿರುಗಿಸಿದ. ಹುತ್ತವೊಂದರ ಪಕ್ಕ ಒಣಹುಲ್ಲು ಬಿಟ್ಟರೆ ನಮಗೇನೂ ಕಾಣಲಿಲ್ಲ. ಆಮೇಲೆ ಹುಲ್ಲಿನ ನಡುವೆ ಪುಟ್ಟದೊಂದು ಕಪ್ಪು ಮಚ್ಚೆ ಅಲುಗಿತು. ಅದು ಸಿಂಹಿಣಿಯ ಕಿವಿಯ ಹಿಂಬದಿ! ಮೈಬಣ್ಣವೆಲ್ಲ ಹುಲ್ಲಿನೊಂದಿಗೆ ಬೆರೆತುಹೋಗಿತ್ತು. ಆ ಕಪ್ಪು ಒಂದೇ ಗುಟ್ಟು ಬಿಟ್ಟುಕೊಟ್ಟಿತ್ತು.

ಸಿಂಹವನ್ನು ಕಾಣಬೇಕಾದರೆ ಸಿಂಹಕ್ಕೆ ಅಂಜುವವರನ್ನು ಮೊದಲು ನೋಡಬೇಕು. ಆ ಬೆಳಗ್ಗೆ ಕಲಿತ ಪಾಠ ಇದು.

ನಾಗರಹೊಳೆ, ಕಬಿನಿಯಲ್ಲಿ ಸಫಾರಿ ಮಾಡಿದವರಿಗೆ ಈ ಪಾಠದ ಅರ್ಧ ಗೊತ್ತೇ ಇರುತ್ತದೆ. ಅಲ್ಲಿ ಮರಗಳು ನೋಟಕ್ಕೆ ಅಡ್ಡ. ಹಾಗಾಗಿ ಕಿವಿಯೇ ಮುಂದು. ಮುಸುವ ಕೂಗಿತು, ಕಡವೆ ಕೂಗಿತು ಎಂದರೆ ಜೀಪು ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಮಾರಾದಲ್ಲಿ ಕಣ್ಣು ಮುಂದು. ಮಸಾಯಿಗಳ ಮಾ ಭಾಷೆಯಲ್ಲಿ ಮಾರಾ ಎಂದರೆ ಚುಕ್ಕೆಚುಕ್ಕೆಯಾದದ್ದು. ಬಯಲಿನ ತುಂಬ ಅಲ್ಲೊಂದು ಇಲ್ಲೊಂದು ಮರ, ಪೊದೆ, ಮೋಡದ ನೆರಳು. ಹೆಸರಿಗೆ ತಕ್ಕ ನೆಲ. ಜುಲೈನಿಂದ ಅಕ್ಟೋಬರ್‌ವರೆಗೆ ಸೆರೆಂಗೆಟಿಯಿಂದ ವೈಲ್ಡ್‌ಬೀಸ್ಟ್ ಹಿಂಡುಗಳು ಲಕ್ಷಗಟ್ಟಲೆ ಬಂದು ಸೇರಿದಾಗ ಚುಕ್ಕೆಗಳಿಗೆ ಲೆಕ್ಕವೇ ಇರುವುದಿಲ್ಲ.

ಈ ಬಯಲನ್ನು ಓದಲು ಕೆಲವು ಅಕ್ಷರಗಳಿವೆ. ರಣಹದ್ದುಗಳು ಸುತ್ತು ಹಾಕುತ್ತಿದ್ದರೆ ಬಿಸಿಗಾಳಿಯಲ್ಲಿ ಮೇಲೇರುತ್ತಿರಬಹುದು. ಒಂದರ ಹಿಂದೊಂದು ನೆಲಕ್ಕೆ ಇಳಿದರೆ ಅಲ್ಲೊಂದು ಹೆಣ ಬಿದ್ದಿದೆ. ಇಂಪಾಲಾ ಹುಲ್ಲೆ ಮೂಗಿನಿಂದ ಸೀತಂತೆ ಸದ್ದು ಮಾಡಿದರೆ ಅಪಾಯ ಹತ್ತಿರವಿದೆ. ಅಡ್ಡ ಕೊಂಬೆಯಿಂದ ಹಗ್ಗದಂಥದ್ದೇನೋ ಜೋತಾಡುತ್ತಿದ್ದರೆ ಅದು ಚಿರತೆಯ ಬಾಲವಿರಬಹುದು.

ಚೀತಾ ಹಾಗೆ ಅಡಗುವುದು ಕಡಿಮೆ. ಹುತ್ತದ ಮೇಲೆ ಹತ್ತಿ ಕೂತು ಹಗಲಲ್ಲೇ ಬೇಟೆ ಅರಸುತ್ತದೆ. ಚಿರತೆಯ ಮೈಮೇಲೆ ಹೂವಿನಂತೆ ಗುಂಪುಗೂಡಿದ ಮಚ್ಚೆಗಳಿದ್ದರೆ, ಚೀತಾಕ್ಕೆ ಬಿಡಿಬಿಡಿ ಕಪ್ಪು ಚುಕ್ಕೆಗಳು, ಕಣ್ಣಿಂದ ಬಾಯಿಯವರೆಗೆ ಇಳಿದ ಕಣ್ಣೀರಿನಂಥ ಗೆರೆ. ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಿ, 2022ರಲ್ಲಿ ನಮೀಬಿಯಾದಿಂದ ಇಲ್ಲಿನ ಕುನೋ ಕಾಡಿಗೆ ಕರೆತಂದ ಪ್ರಾಣಿ ಇದು. ತನ್ನ ನೆಲದಲ್ಲಿ ಅದು ತಲೆಯೆತ್ತಿ ಕೂತದ್ದನ್ನು ಕಂಡಾಗ, ನಾವು ಕಳೆದುಕೊಂಡದ್ದು ಎಷ್ಟೆಂದು ಅರಿವಾಗಿ ಗಂಟಲು ಕಟ್ಟಿತು.

ಅಷ್ಟರಲ್ಲಿ ರೇಡಿಯೊದಲ್ಲಿ ಸುದ್ದಿ ಹಬ್ಬಿ ಹತ್ತಾರು ಜೀಪುಗಳು ಧೂಳೆಬ್ಬಿಸಿಕೊಂಡು ಬಂದವು. ಸಫಾರಿಗೆ ಬಂದವರು ಹೀಗೆ ಬೆನ್ನಟ್ಟುವ ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕೇಪ್ ಬಫೆಲೊ ಎಂಬ ಐದರ ಪಟ್ಟಿ ಮಾಡಿದವರು ಬೇಟೆಗಾರರು. ಕಾಲ್ನಡಿಗೆಯಲ್ಲಿ ಕೊಲ್ಲಲು ಕಷ್ಟವಾದ, ಅಪಾಯದ ಪ್ರಾಣಿಗಳು ಅವು. ಕೆನ್ಯಾ 1977ರಲ್ಲೇ ಬೇಟೆ ನಿಷೇಧಿಸಿತು. ಆದರೆ ಪಟ್ಟಿ ಉಳಿಯಿತು, ಬೆನ್ನಟ್ಟುವ ಆತುರವೂ ಉಳಿಯಿತು. ಅದರ ಬಿಸಿ ಚೀತಾಕ್ಕೂ ತಟ್ಟುತ್ತಿದೆ. ಪ್ರವಾಸಿಗರ ದಟ್ಟಣೆ ಹೆಚ್ಚಿರುವ ಜಾಗಗಳಲ್ಲಿ ತಾಯಿ ಚೀತಾಗಳು ಬೆಳೆಸಿ ದೊಡ್ಡದು ಮಾಡುವ ಮರಿಗಳು ತೀರಾ ಕಡಿಮೆ ಎಂದು ಮಾರಾದಲ್ಲೇ ನಡೆದ ಅಧ್ಯಯನ 2018ರಲ್ಲಿ ತೋರಿಸಿದೆ. ಜೀಪುಗಳ ಗದ್ದಲಕ್ಕೆ ಬೇಟೆ ಕೈತಪ್ಪಿದರೆ ಮರಿಗಳಿಗೆ ಉಪವಾಸ. ನಮ್ಮ ಒಂದು ಫೋಟೊಗೆ ಅವು ತೆರುವ ಬೆಲೆ ಅದಾಗಬಾರದು.

ಚಾಲಕ ಏನೂ ಹೇಳದೆ ಜೀಪನ್ನು ಹಿಂದಕ್ಕೆ ತೆಗೆದ. ಯಾರೂ ತಕರಾರು ಮಾಡಲಿಲ್ಲ. ಬಹಳ ದೂರ ಹೋಗಿ ಎಂಜಿನ್ ಆರಿಸಿದ. ಎದುರಿನ ದಿಬ್ಬದ ಮೇಲೆ ಟೋಪಿ ಎಂಬ ಕಂದುಮೈಯ ಹುಲ್ಲೆಯೊಂದು ಕಾವಲುಗಾರನಂತೆ ನಿಂತಿತ್ತು. ಅದು ಕತ್ತು ಹೊರಳಿಸಿತು. ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಆ ಕಡೆ ತಿರುಗಿದೆವು. ಗಾಳಿಗೆ ಬಾಗುವ ಹುಲ್ಲು ಬಿಟ್ಟರೆ ಅಲ್ಲೇನೂ ಕಾಣಲಿಲ್ಲ. ದುರ್ಬೀನು ಕೆಳಗಿಟ್ಟು, ಕಾಯುತ್ತ ಕೂತೆವು.