ತೆಂಗಿನ ತೋಟದ ಉಪಬೆಳೆಗಳಿಗೆ ಬೇಕಾಗುವ ಬೆಳಕು

ತ್ರಾಸಿಯಂತಹ ಕರಾವಳಿ ಗ್ರಾಮಗಳಲ್ಲಿ ತೆಂಗಿನ ಅಡಿಯಲ್ಲಿ ನೆಟ್ಟ ಬಾಳೆಯು ಸೊರಗಿದರೆ ಮಣ್ಣನ್ನೂ ಗೊಬ್ಬರವನ್ನೂ ದೂಷಿಸುವುದು ಸಹಜ. ಆದರೆ ಅನೇಕ ವೇಳೆ ಕೊರತೆಯು ಬೆಳಕಿನದಾಗಿರುತ್ತದೆ. ಸಸ್ಯವು ಬಿಸಿಲಿನ ಬಲದಿಂದಲೇ ಎಲೆಯಲ್ಲಿ ಆಹಾರವನ್ನು ಸಿದ್ಧಪಡಿಸಿಕೊಳ್ಳುವುದು. ಬಿಸಿಲು ಸಾಲದಿದ್ದಲ್ಲಿ ಎಷ್ಟು ಗೊಬ್ಬರ ಹಾಕಿದರೂ ಫಲವಿಲ್ಲ.

ಕಾಸರಗೋಡಿನಲ್ಲಿ 1916ರಲ್ಲಿ ಸ್ಥಾಪಿತವಾದ ತೆಂಗಿನ ಸಂಶೋಧನಾ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಸುಮಾರು 25 ಅಡಿ ಅಂತರದ ತೋಟಗಳ ವಿಷಯದಲ್ಲಿ ಅಲ್ಲಿನ ಅಧ್ಯಯನಗಳಿಂದ ತಿಳಿದುಬಂದುದೇನೆಂದರೆ:

ಮೊದಲ 8 ವರ್ಷ ಸಾಕಷ್ಟು ಬಿಸಿಲು ನೆಲವನ್ನು ಮುಟ್ಟುವುದು. ಈ ಅವಧಿಯಲ್ಲಿ ಬಾಳೆ, ತರಕಾರಿಗಳನ್ನು ಬೆಳೆಯಬಹುದು.

8ರಿಂದ 25 ವರ್ಷಗಳವರೆಗೆ ಗರಿಗಳು ತಗ್ಗಿನಲ್ಲಿಯೇ ಹರಡಿ, ನೆಲಕ್ಕೆ ಸುಮಾರು ಐದರಲ್ಲೊಂದು ಪಾಲು ಬೆಳಕು ಮಾತ್ರ ಇಳಿಯುತ್ತದೆ. ಆಗ ನೆರಳನ್ನು ಸಹಿಸುವ ಶುಂಠಿ, ಅರಿಶಿನ, ಕೆಸು ಮುಂತಾದವೇ ತಕ್ಕವು.

25 ವರ್ಷಗಳ ಬಳಿಕ ಮರಗಳು ಎತ್ತರವಾದಂತೆ ಓರೆಬಿಸಿಲು ಒಳನುಗ್ಗುವುದು. 40ನೆಯ ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಬೆಳಕು ದೊರೆಯುವುದು. ಕೋಕೋ, ಬಾಳೆಗಳಿಗೆ ಹಾಗೂ ಮರಕ್ಕೆ ಹಬ್ಬಿಸುವ ಕಾಳುಮೆಣಸಿಗೆ ಇದೇ ಸಕಾಲ.

ತೋಟದ ಸ್ಥಿತಿಯನ್ನು ಅಳೆಯಲು ಯಂತ್ರ ಬೇಕಿಲ್ಲ. ಮೋಡವಿಲ್ಲದ ದಿನ ನಡುಹಗಲಿನಲ್ಲಿ ತೋಟದೊಳಗೆ ಅಡ್ಡಲಾಗಿ 100 ಹೆಜ್ಜೆ ನಡೆದು, ಎಷ್ಟು ಹೆಜ್ಜೆಗಳು ಬಿಸಿಲಿನಲ್ಲಿ ಬಿದ್ದುವೆಂದು ಎಣಿಸಬೇಕು. 20ರ ಆಸುಪಾಸಿನಲ್ಲಿದ್ದರೆ ಬಾಳೆಗೆ ಹಣ ಹಾಕತಕ್ಕದ್ದಲ್ಲ.

ತೆಂಗೂ ಬಿಸಿಲನ್ನು ಬಯಸುವ ಮರವೇ. ಆದಕಾರಣ ಫಲದಾಸೆಯಿಂದ ಸಾಲುಗಳ ನಡುವೆ ಹೆಚ್ಚು ಸಸಿಗಳನ್ನು ತುಂಬಿದರೆ ತೆಂಗಿಗೂ ಉಪಬೆಳೆಗೂ ನಷ್ಟವೇ ಸರಿ. ಗ್ರಾಮದ ಮುಖಂಡರು ಹೊಸದಾಗಿ ತೋಟ ಮಾಡುವವರಿಗೆ ಈ ವಿಷಯವನ್ನು ಮೊದಲೇ ತಿಳಿಸುವುದು ಲೇಸು.