ಕತ್ತಲಲ್ಲಿ ಕಾಣುವ ಕಣ್ಣಿಗೂ ಊಟ ಬೇಕು

ಮಟಮಟ ಮಧ್ಯಾಹ್ನದ ಬಿಸಿಲಿನಿಂದ ಚಿತ್ರಮಂದಿರದೊಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ತಡವರಿಸುತ್ತ, ಯಾರದೋ ಕಾಲು ತುಳಿಯುತ್ತ ಕುರ್ಚಿ ಹುಡುಕಬೇಕು. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದವರ ಮುಖ ಕಾಣತೊಡಗುತ್ತದೆ. ಒಳಗಿನ ಬೆಳಕೇನೂ ಹೆಚ್ಚಿಲ್ಲ, ಬದಲಾದದ್ದು ಕಣ್ಣು. ಕಣ್ಣಪಾಪೆ ಹಿಗ್ಗಲು ಕೆಲವೇ ಸೆಕೆಂಡು ಸಾಕು. ಉಳಿದ ಹೊತ್ತೆಲ್ಲ ಅಕ್ಷಿಪಟದ ರಸಾಯನ ಕ್ರಿಯೆಗೆ ಸೇರಿದ್ದು.

ಹಗಲಿಗೊಂದು, ಇರುಳಿಗೊಂದು

ಕಣ್ಣುಗುಡ್ಡೆಯ ಹಿಂಭಾಗದ ಒಳಗೋಡೆಗೆ ಅಂಟಿಕೊಂಡ ತೆಳುಪೊರೆಯೇ ಅಕ್ಷಿಪಟ. ಅದರಲ್ಲಿ ಬೆಳಕನ್ನು ಗ್ರಹಿಸಿ ನೋಟ ಮೂಡಿಸುವ ಜೀವಕೋಶಗಳು ಎರಡು ಬಗೆ. ಶಂಕುವಿನ ಆಕಾರದವು ಸುಮಾರು 45ರಿಂದ 60 ಲಕ್ಷ. ಇವು ಹಗಲಿನ ಕೆಲಸಗಾರರು. ಬಣ್ಣ ಗುರುತಿಸುವುದು, ಪುಸ್ತಕದ ಸಣ್ಣ ಅಕ್ಷರ ಓದುವುದು ಇವುಗಳಿಂದಲೇ. ಕೋಲಿನ ಆಕಾರದ ದಂಡಕೋಶಗಳು ಸುಮಾರು 9ರಿಂದ 12 ಕೋಟಿ. ಇವಕ್ಕೆ ಬಣ್ಣ ತಿಳಿಯದು, ಆದರೆ ಮಂದ ಬೆಳಕೇ ಸಾಕು. ಬೆಳಕಿನ ಅತಿ ಸಣ್ಣ ಕಣವಾದ ಒಂದೇ ಒಂದು ಫೋಟಾನ್ ಕೂಡ ದಂಡಕೋಶವನ್ನು ಎಚ್ಚರಿಸಬಲ್ಲದೆಂದು 1942ರಲ್ಲಿ ಸೆಲಿಗ್ ಹೆಕ್ಟ್ ಮತ್ತು ಸಂಗಡಿಗರು ತೋರಿಸಿದರು.

ವಿದ್ಯಾರ್ಥಿಗಳು ಇದನ್ನು ಮನೆಯ ಮಾಳಿಗೆಯ ಮೇಲೆಯೇ ಪರೀಕ್ಷಿಸಬಹುದು. ನೇರವಾಗಿ ದಿಟ್ಟಿಸಿದಾಗ ಮಾಯವಾಗುವ ಮಸುಕು ನಕ್ಷತ್ರ, ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮತ್ತೆ ಕಾಣುತ್ತದೆ. ಅಕ್ಷಿಪಟದ ನಟ್ಟನಡುವೆ ಶಂಕುಗಳಷ್ಟೇ ಇವೆ. ದಂಡಕೋಶಗಳಿರುವುದು ಅದರ ಸುತ್ತ.

ಬಾಗಿದ ಅಣು ನೆಟ್ಟಗಾದಾಗ

ಕತ್ತಲಲ್ಲಿಟ್ಟ ಕಪ್ಪೆಯ ಅಕ್ಷಿಪಟ ಕೆಂಪಗಿದ್ದು, ಬೆಳಕು ಬಿದ್ದೊಡನೆ ಬಿಳಚಿಕೊಳ್ಳುವುದನ್ನು 1876ರಲ್ಲಿ ಜರ್ಮನಿಯ ಫ್ರಾಂಜ್ ಬೋಲ್ ಕಂಡರು. ಆ ಕೆಂಪು ವಸ್ತುವೇ ರೊಡಾಪ್ಸಿನ್. ಅದರಲ್ಲಿ ಆಪ್ಸಿನ್ ಎಂಬ ಪ್ರೋಟೀನಿನ ಮಡಿಲಲ್ಲಿ ರೆಟಿನಾಲ್ ಎಂಬ ಪುಟ್ಟ ಅಣು ಬಾಗಿ ಕುಳಿತಿರುತ್ತದೆ. ಬೆಳಕು ತಾಗಿದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕಿಂತಲೂ ಬೇಗ ಅದು ನೆಟ್ಟಗಾಗುತ್ತದೆ. ಒಡನೆಯೇ ಕೋಶದೊಳಗೆ ಹರಿಯುತ್ತಿದ್ದ ವಿದ್ಯುತ್ ಪ್ರವಾಹ ತಗ್ಗುತ್ತದೆ. ವಿಚಿತ್ರವೆಂದರೆ, ಈ ಕೋಶಗಳು ಕತ್ತಲಲ್ಲಿ ಸಂಕೇತ ಕಳಿಸುತ್ತಲೇ ಇದ್ದು, ಬೆಳಕು ಬಂದಾಗ ಅದನ್ನು ತಗ್ಗಿಸುತ್ತವೆ! ಈ ಬದಲಾವಣೆಯೇ ಮಿದುಳಿಗೆ ಸುದ್ದಿ.

ನೆಟ್ಟಗಾದ ರೆಟಿನಾಲ್ ಕಳಚಿಕೊಂಡು, ಮತ್ತೆ ಬಾಗಿ, ಆಪ್ಸಿನ್ ಜೊತೆ ಸೇರಬೇಕು. ಬಿಸಿಲಿನಲ್ಲಿ ಬಹುಪಾಲು ರೊಡಾಪ್ಸಿನ್ ಖರ್ಚಾಗಿರುತ್ತದೆ. ಶಂಕುಕೋಶಗಳು ಸುಮಾರು 10 ನಿಮಿಷದಲ್ಲಿ ಚೇತರಿಸಿಕೊಂಡರೆ, ದಂಡಕೋಶಗಳು ಪೂರ್ತಿ ಸಜ್ಜಾಗಲು ಅರ್ಧ ಗಂಟೆಗೂ ಹೆಚ್ಚು ಬೇಕು.

ಈ ರೆಟಿನಾಲ್ ತಯಾರಾಗುವುದು ವಿಟಮಿನ್ ‘ಎ’ಯಿಂದ. ಅಕ್ಷಿಪಟದಲ್ಲಿ ಆ ವಿಟಮಿನ್ ಇರುವುದನ್ನು 1933ರಲ್ಲಿ ಪತ್ತೆಹಚ್ಚಿದವರು ಅಮೆರಿಕದ ಜಾರ್ಜ್ ವಾಲ್ಡ್. 1967ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಬಂತು.

ಮುಸ್ಸಂಜೆ ಎಡವುವ ಮಗು

ಹಗಲಲ್ಲಿ ಚೆನ್ನಾಗಿ ಆಡುವ ಮಗು ಮುಸ್ಸಂಜೆಗೆ ಹೊಸ್ತಿಲು ಎಡವುತ್ತದೆಯೇ? ಮುಂದಿಟ್ಟ ತಟ್ಟೆಗೆ ತಡಕಾಡುತ್ತದೆಯೇ? ತುಂಟತನವೆಂದು ಗದರಬೇಡಿ, ಇದು ಇರುಳುಗಣ್ಣು ಇರಬಹುದು. ದೇಹದಲ್ಲಿ ವಿಟಮಿನ್ ‘ಎ’ ಬತ್ತಿದಾಗ ಮೊದಲು ಸೋಲುವವು ದಂಡಕೋಶಗಳು. ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಇನ್ನೊಂದು ಸೂಚನೆ. ಅಲಕ್ಷಿಸಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯೇ ಹುಣ್ಣಾಗಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಬೇಗ ವೈದ್ಯರಿಗೆ ತೋರಿಸಿ ಔಷಧಿ ಕೊಡಿಸಿದರೆ ಕೆಲವೇ ದಿನಗಳಲ್ಲಿ ಇರುಳಿನ ನೋಟ ಮರಳುತ್ತದೆ. ದಂಡಕೋಶಗಳೇ ನಶಿಸುವ ಆನುವಂಶಿಕ ರೋಗದಿಂದಲೂ ಇರುಳುಗಣ್ಣು ಬರಬಹುದಾದ್ದರಿಂದ ಪರೀಕ್ಷೆ ಅಗತ್ಯ.

ಭಾರತದಲ್ಲಿ ಮಕ್ಕಳಿಗೆ ವಿಟಮಿನ್ ‘ಎ’ ದ್ರಾವಣ ಕುಡಿಸುವ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಒಂಬತ್ತನೇ ತಿಂಗಳಿಂದ ಐದು ವರ್ಷದೊಳಗೆ ಒಂಬತ್ತು ಸಲ ಕೊಡುವುದು ಕ್ರಮ. ಇದು ಹೆಚ್ಚಾದರೂ ಅಪಾಯವೇ. ಆರೋಗ್ಯ ಸಿಬ್ಬಂದಿ ಹೇಳಿದಷ್ಟೇ ಕೊಡಬೇಕು.

ಊಟದ ವಿಚಾರದಲ್ಲಿ ಆ ಭಯವಿಲ್ಲ. ನುಗ್ಗೆಸೊಪ್ಪು, ಹರಿವೆ, ಗಜ್ಜರಿ, ಪಪ್ಪಾಯಿ, ಮಾವಿನಹಣ್ಣು, ಹಾಲು, ಮೊಟ್ಟೆ ಎಲ್ಲವೂ ಒಳ್ಳೆಯವೇ. ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದರೆ ಅದರ ಸತ್ವ ಮೈಗೆ ಹತ್ತುತ್ತದೆ. ಗಜ್ಜರಿ ತಿಂದರೆ ಕನ್ನಡಕ ಬಿಡಬಹುದೆಂಬುದು ಮಾತ್ರ ಸುಳ್ಳು. ಹಿತ್ತಲಲ್ಲೊಂದು ನುಗ್ಗೆ ಗಿಡವಿದ್ದರೆ ಮಗುವಿನ ಇರುಳಿನ ನೋಟಕ್ಕೆ ಅದು ದೊಡ್ಡ ಆಸರೆ.